ಕಲ್ಲಿನ ಟ್ರ್ಯಾಕ್ಟರ್, ಕೆಸರಿನ ಟ್ರ್ಯಾಕ್ಟರ್

ಕುಷ್ಟಗಿ ದಾಟಿ ಇಳಕಲ್ಲಿನ ಕಡೆಗೆ ಹೊರಟ ರಾಷ್ಟ್ರೀಯ ಹೆದ್ದಾರಿ 50ರ ಬದಿಯಲ್ಲಿ ಬೇಲಿಯಿಲ್ಲದ ಒಂದು ಬಯಲು. ತಗಡಿನ ಶೆಡ್ಡು ಒಂದು, ಬೇವಿನ ಮರ ಎರಡು, ಉಳಿದದ್ದೆಲ್ಲ ಟ್ರ್ಯಾಕ್ಟರು. ಮ್ಯಾಸಿ, ಮಹೀಂದ್ರ, ಸ್ವರಾಜ್, ಮೂಲೆಯಲ್ಲಿ ಹಸಿರು ಬಣ್ಣದ ಜಾನ್ ಡೀರ್. ಎಲ್ಲದರ ಬಾನೆಟ್ಟಿಗೂ ಹೊಸ ಬಣ್ಣ, ಎಲ್ಲದರ ಟೈರಿಗೂ ಕರಿ ಪಾಲಿಶ್. ಮಾರ್ಚ್ ತಿಂಗಳು, ಬೆಳಗಿನ ಹತ್ತಕ್ಕೇ ಸ್ಟೀರಿಂಗ್ ಮುಟ್ಟಿದರೆ ಕೈ ಚುರುಕ್ಕೆನ್ನುತ್ತದೆ. ಕಡಲೆ, ಬಿಳಿಜೋಳದ ರಾಶಿ ಮುಗಿದಿದೆ. ಮುಂಗಾರಿ ಮಳೆಗೆ ಮುಂಚೆ ಹೊಲಕ್ಕೆ ಮಾಗಿ ಹೊಡೆಯಬೇಕು. ರೈತನ ಕೈಯಲ್ಲಿ ನಾಲ್ಕು ದುಡ್ಡು ಓಡಾಡುವ ಈ ದಿನಗಳಲ್ಲೇ ಇಲ್ಲಿ ವ್ಯಾಪಾರ ಕುದುರುವುದು.

ಬಂದವರು ಮೊದಲು ಬೆಲೆ ಕೇಳುವುದಿಲ್ಲ, ನಂಬರ್ ಪ್ಲೇಟ್ ನೋಡುತ್ತಾರೆ. ಕೆಎ 36 ಅಂದರೆ ರಾಯಚೂರು ಜಿಲ್ಲೆ. ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ಕೆಸರು ತುಳಿದದ್ದಿರಬಹುದು. ಕೆಎ 48 ಜಮಖಂಡಿಯದು. ಜೋಡಿ ಟ್ರೇಲರ್ ಕಟ್ಟಿಕೊಂಡು, ಹಾಡು ಹಚ್ಚಿಕೊಂಡು, ರಾತ್ರಿಯಿಡೀ ಕಾರ್ಖಾನೆಗೆ ಕಬ್ಬು ಎಳೆದಿರಬಹುದು. ಕೆಎ 29 ಬಾಗಲಕೋಟೆ. ಇಳಕಲ್ಲಿನ ಕೆಂಪು ಗ್ರಾನೈಟಿನ ಗಣಿಯಿಂದ ಬಂದದ್ದಾದರೆ ಅದು ಹೊಲವನ್ನೇ ಕಂಡಿರಲಿಕ್ಕಿಲ್ಲ. ಕೆಎ 37 ಇಲ್ಲಿಯದೇ, ಕೊಪ್ಪಳದ್ದು. ಅದರ ಮೈಯಲ್ಲಿ ಗಂಗಾವತಿಯ ಕೆಸರೂ ಇರಬಹುದು, ಕುಷ್ಟಗಿಯ ಒಣ ಎರೆಯೂ ಇರಬಹುದು.

ಬೇವಿನ ನೆರಳಿಗೆ ಎರಡು ಮ್ಯಾಸಿ 1035 ಅಕ್ಕಪಕ್ಕ ನಿಂತಿವೆ. ಒಂದೇ ಮಾದರಿ, ಮೂರು ಸಿಲಿಂಡರಿನವು. ಹೆಚ್ಚುಕಡಿಮೆ ಒಂದೇ ವಯಸ್ಸು. ಒಂದು ಸಿಂಧನೂರಿನ ಕಡೆಯಿಂದ ಬಂದದ್ದು. ಇನ್ನೊಂದು ಇಳಕಲ್ಲಿನ ಗಣಿಯಲ್ಲಿ ಬೆನ್ನ ಮೇಲೆ ಕಂಪ್ರೆಸರ್ ಹೊತ್ತು ಬಂಡೆಗೆ ತೂತು ಕೊರೆಯಲು ಗಾಳಿ ಒದಗಿಸಿದ್ದು. ಕಂಪ್ರೆಸರ್ ಇಳಿಸಿದ್ದಾರೆ, ಅದನ್ನು ಕಟ್ಟಿದ ಪಟ್ಟಿಗಳ ಗುರುತು ಹಿಂದಿನ ಹೌಸಿಂಗಿನ ಮೇಲೆ ಬಣ್ಣದಡಿಯಲ್ಲೂ ಕಾಣುತ್ತದೆ. ಕಲ್ಲಿನದಕ್ಕೆ ಎರಡು ಲಕ್ಷ, ಕೆಸರಿನದಕ್ಕೆ ಎರಡೂವರೆ ಎನ್ನುತ್ತಿದ್ದಾನೆ ಏಜೆಂಟ.

ಎದುರಿಗೆ ಮೂವರು. ಬಿಳಿ ಪಟಗದ ದೊಡ್ಡಪ್ಪ, ಅವರ ತಮ್ಮನ ಮಗ, ಜೊತೆಗೆ ಊರಿನಿಂದ ಕರೆತಂದ ಮಿಸ್ತ್ರಿ. ಒಣಬೇಸಾಯದ ಎರೆಹೊಲ ಅವರದು. ಟಿಲ್ಲರ್, ಕೂರಿಗೆ, ವರ್ಷಕ್ಕೊಮ್ಮೆ ಪಲ್ಟಿ ನೇಗಿಲು, ಸುಗ್ಗಿಯಲ್ಲಿ ರಾಶಿ ಮಷಿನ್ನು, ಇಷ್ಟೇ ಕೆಲಸ.

"ಹೊಲದಾಗ ದುಡದಿದ್ದ ತಗೊಳ್ಳೋಣ ತಮ್ಮಾ. ಕಲ್ಲಿನ ಗಾಡಿ ನಮಗ್ಯಾಕ?" ಎಂದರು ದೊಡ್ಡಪ್ಪ.

ಆ ಮಾತು ಈ ಬಯಲಲ್ಲಿ ದಿನವೂ ಕೇಳುವಂಥದು. ಹೊಲದ್ದು ಒಳ್ಳೆಯದು, ಗಣಿಯದು ಕೆಟ್ಟದ್ದು ಎಂಬ ಈ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಒಂದೊಂದು ಕೆಲಸ ಟ್ರ್ಯಾಕ್ಟರಿನ ಒಂದೊಂದು ಅಂಗವನ್ನು ತಿನ್ನುತ್ತದೆ. ತಿಂದ ಅಂಗ ಯಾವುದು, ಅದನ್ನು ಬದಲಿಸಲು ಬರುತ್ತದೆಯೇ, ನಮ್ಮ ಹೊಲಕ್ಕೆ ಅದರ ಅಗತ್ಯ ಎಷ್ಟು, ಈ ಮೂರನ್ನು ಬಿಟ್ಟು ಬರೀ ಹುಟ್ಟಿದ ಊರು ಕೇಳಿ ಗಾಡಿ ಕೊಂಡವರು ಮಳೆಗಾಲದ ನಡುವೆ ಗ್ಯಾರೇಜಿನಲ್ಲಿ ಕೂರುತ್ತಾರೆ.

ಹೊರದೇಶಗಳಲ್ಲಿ ಈ ಎರಡು ಜಾತಿಯನ್ನು ಕಾರ್ಖಾನೆಯೇ ಬೇರೆ ಮಾಡಿ ಕಳಿಸುತ್ತಿತ್ತು. ಫೋರ್ಡ್, ಮ್ಯಾಸಿ ಫರ್ಗ್ಯೂಸನ್ ಕಂಪನಿಗಳ ಇಂಡಸ್ಟ್ರಿಯಲ್ ಟ್ರ್ಯಾಕ್ಟರುಗಳಿಗೆ ಹಳದಿ ಬಣ್ಣ, ದಪ್ಪ ಮುಂದಿನ ಆಕ್ಸಲ್, ಮುಂದೆ ಲೋಡರ್ ಬಕೆಟ್. ಎಷ್ಟೋ ಗಾಡಿಗಳಿಗೆ ನೇಗಿಲು ಎತ್ತುವ ಲಿಫ್ಟೇ ಇರುತ್ತಿರಲಿಲ್ಲ. ನಮ್ಮಲ್ಲಿ ಹಾಗಲ್ಲ. ಶೋರೂಮಿನಿಂದ ಹೊರಬೀಳುವಾಗ ಹೆಚ್ಚುಕಡಿಮೆ ಎಲ್ಲವೂ ಹೊಲದ ಟ್ರ್ಯಾಕ್ಟರೇ. ಆಮೇಲೆ ಒಂದು ಇಟ್ಟಿಗೆ ಭಟ್ಟಿಗೆ, ಒಂದು ಕಬ್ಬಿನ ಗಾಡಿಗೆ, ಒಂದು ಗಣಿಗೆ ಹೋಗುತ್ತದೆ. ಮುಂದೆ ಬಕೆಟ್ ಕಟ್ಟಿಸಿಕೊಂಡು ಮಣ್ಣು ತುಂಬುವುದಕ್ಕೂ ಒಂದು ಹೋಗುತ್ತದೆ, ಹೊಲಕ್ಕೆ ಮಾಡಿದ ಅದೇ ಸಣ್ಣ ಮುಂದಿನ ಆಕ್ಸಲ್ಲಿನ ಮೇಲೆ. ಬಯಲ ತುದಿಯಲ್ಲಿ ಅಂಥದ್ದೊಂದು ಇತ್ತು. ಮಿಸ್ತ್ರಿ ಅದರ ಮುಂದಿನ ಗಾಲಿಗೆ ಕಾಲಿನಿಂದ ಒಮ್ಮೆ ನೂಕಿದ. ಗಾಲಿ ಓಲಾಡಿತು. ಕಿಂಗ್‌ಪಿನ್ ಹೋಗಿದೆ. ಎಂಜಿನ್ನಿನ ಹಿಂದೆ, ಕ್ಲಚ್ ಹೌಸಿಂಗ್ ಕೂಡುವ ಕಡೆ ಎಣ್ಣೆಯ ಜಿಡ್ಡು ಒರೆಸಿ ಉಗುರಿನಿಂದ ಗೀರಿ ನೋಡಿದ. ಕೂದಲೆಳೆಯ ಬಿರುಕು, ಅದರ ಮೇಲೆ ವೆಲ್ಡಿಂಗ್.

"ಇದಕ್ಕ ಚಾಸಿ ಇಲ್ರಿ ಯಜಮಾನ್ರ" ಎಂದ ಮಿಸ್ತ್ರಿ. "ಲಾರಿಗಾದ್ರ ಚಾಸಿ ಇರತೈತಿ, ಭಾರ ಅದು ಹೊರತೈತಿ. ಇದಕ್ಕ ಎಂಜಿನ್ನು, ಗೇರ್ ಬಾಕ್ಸು, ಹಿಂದಿನ ಹೌಸಿಂಗು, ಇವಾ ಬೆನ್ನೆಲುಬು. ಎರಕದ ಕಬ್ಬಿಣ ಒಮ್ಮಿ ಸೀಳ್ತು ಅಂದ್ರ ವೆಲ್ಡಿಂಗ್ ನಂಬಬ್ಯಾಡ್ರಿ."

ಟ್ರ್ಯಾಕ್ಟರಿನ ವಿಚಾರದಲ್ಲಿ ನಾನು ಕೇಳಿದ ಅತ್ಯಂತ ಉಪಯುಕ್ತ ಮಾತು ಇದು. ಎಂಜಿನ್ನಿನ ಲೈನರ್, ಪಿಸ್ಟನ್, ರಿಂಗ್ ಸವೆದರೆ ಪೇಟೆಯಲ್ಲಿ ಸೆಟ್ಟು ಸಿಗುತ್ತದೆ, ತಾಲೂಕಿಗೊಬ್ಬ ಅದನ್ನು ಕೂಡಿಸುವವನಿದ್ದಾನೆ, ಖರ್ಚು ಎಷ್ಟೆಂದು ಮೊದಲೇ ಹೇಳಬಹುದು. ಬೆನ್ನೆಲುಬು ಸೀಳಿದರೆ, ಹಿಂದಿನ ಗಾಲಿ ತಿರುಗಿಸುವ ಕ್ರೌನ್ ಪಿನಿಯನ್ನಿನ ಹಲ್ಲು ಹೋದರೆ, ಗಾಡಿಯನ್ನು ನಡುವಿಗೆ ಎರಡು ತುಂಡು ಮಾಡಿ ಬಿಚ್ಚಬೇಕು. ಆ ಖರ್ಚಿಗೆ ಕೊನೆಯೆಂಬುದಿಲ್ಲ.

ಈಗ ಕಲ್ಲಿನ ಗಾಡಿಯ ಸರದಿ. ಮಿಸ್ತ್ರಿ ಮೊದಲು ಎಂಜಿನ್ನಿಗೆ ಅಂಗೈ ಇಟ್ಟು ನೋಡಿದ. ತಣ್ಣಗಿತ್ತು. ಗಿರಾಕಿ ಬರುವ ಮುಂಚೆ ಒಮ್ಮೆ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರೆ ಅದರ ಮುಂಜಾವಿನ ಕೆಮ್ಮು ಗೊತ್ತಾಗುವುದಿಲ್ಲ. ಏರ್ ಕ್ಲೀನರಿನ ಬಟ್ಟಲು ಬಿಚ್ಚಿದ. ತಳದಲ್ಲಿ ಎಣ್ಣೆಯೊಂದಿಗೆ ಬೂದಿಬಣ್ಣದ ಹಿಟ್ಟು ಗಟ್ಟಿಯಾಗಿ ಕೂತಿತ್ತು. ಬಂಡೆ ಕೊರೆದ ಪುಡಿ ಅದು. ಕ್ಲೀನರ್ ದಾಟಿ ಎಂಜಿನ್ನಿಗೆ ಹೋಗುವ ಪೈಪಿನೊಳಗೆ ಬೆರಳು ಹಾಕಿ ಒರೆಸಿ ಹೊರತೆಗೆದ. ಬೆರಳಿನ ತುದಿ ಬೂದಿಯಾಗಿತ್ತು. ಗ್ರಾನೈಟಿನ ಪುಡಿ ಸಿಲಿಂಡರಿನೊಳಗೆ ಹೋದರೆ ಉಸುಕಿನ ಕಾಗದದ ಕೆಲಸ ಮಾಡುತ್ತದೆ. (ಅದೇ ಪುಡಿ ಜಾಕ್ ಹ್ಯಾಮರ್ ಹಿಡಿದವನ ಎದೆಗೂಡಿಗೂ ಇಳಿದಿರುತ್ತದೆ. ಸಿಲಿಕೋಸಿಸ್ ಎಂಬ ಆ ರೋಗಕ್ಕೆ ಬದಲಿಸುವ ಲೈನರ್ ಇಲ್ಲ. ಗಣಿಯ ಟ್ರ್ಯಾಕ್ಟರ್ ಕಂಡಾಗಲೆಲ್ಲ ನನಗೆ ಅದರ ಪಕ್ಕದಲ್ಲಿ ನಿಂತು ದುಡಿದವರ ನೆನಪಾಗುತ್ತದೆ.)

ಚಾಲೂ ಮಾಡಿದರು. ಮೂರನೆಯ ಸಲಕ್ಕೆ ಹತ್ತಿಕೊಂಡಿತು. ನೀಲಿ ಹೊಗೆ. ಎಣ್ಣೆ ಹಾಕುವ ಮುಚ್ಚಳ ತೆಗೆದರೆ ಅಲ್ಲಿಂದಲೂ ಬುಸಬುಸ ಹಬೆ. ರಿಂಗ್ ಮುಗಿದಿವೆ, ಅನುಮಾನವಿಲ್ಲ. ಅವರ್ ಮೀಟರ್ ಮಾತ್ರ ನಡೆಯುತ್ತಿತ್ತು, ಕೇಬಲ್ ಕತ್ತರಿಸಿರಲಿಲ್ಲ. ಈ ಮೀಟರ್ ಗಡಿಯಾರದಂತೆ ತಾಸು ಎಣಿಸುವುದಿಲ್ಲ, ಎಂಜಿನ್ನಿನ ಸುತ್ತು ಎಣಿಸುತ್ತದೆ. ಸಣ್ಣಗೆ ಗುಡುಗುಡು ಎನ್ನುತ್ತ ನಿಂತ ಗಾಡಿಯಲ್ಲಿ ಅದು ನಿಜವಾದ ಹೊತ್ತಿಗಿಂತ ಕಡಿಮೆ ತೋರಿಸುತ್ತದೆ. ಕಂಪ್ರೆಸರಿಗೆ ದುಡಿದ ಗಾಡಿ ಇಡೀ ದಿನ ಒಂದೇ ಸಮ ಓಡುವುದರಿಂದ ತೋರಿಸಿದ ಲೆಕ್ಕ ಹೆಚ್ಚುಕಡಿಮೆ ಸರಿ. ಅಂತೂ ಎಂಜಿನ್ ಬಹಳ ಓಡಿದೆ.

ಗಾಡಿ ಮಾತ್ರ ಓಡಿಲ್ಲ! ಇದನ್ನು ಕಣ್ಣಾರೆ ಕಂಡಾಗ ತಮ್ಮನ ಮಗನ ಮುಖ ಅರಳಿದ್ದು ನನಗೆ ಈಗಲೂ ಕಾಣುತ್ತದೆ. ಹಿಂದಿನ ಟೈರಿನ ಕಚ್ಚುಗಳು ಇನ್ನೂ ಎತ್ತರವಾಗಿಯೇ ಇದ್ದವು, ಬಿಸಿಲಿಗೆ ಬದಿಗಳಷ್ಟೇ ಬಿರಿದಿದ್ದವು. ಕಬ್ಬಿನ ಗಾಡಿಯಾಗಿದ್ದರೆ ಡಾಂಬರಿಗೆ ಉಜ್ಜಿ ಕಚ್ಚಿನ ನಡುಭಾಗ ನೆಲಸಮವಾಗಿರುತ್ತಿತ್ತು. ಕ್ಲಚ್ಚಿನ ಪೆಡಲ್ ರಬ್ಬರು ಸವೆದಿರಲಿಲ್ಲ. ಗೇರುಗಳು ಒಂದೂ ಕಿರುಗುಡದೆ ಬಿದ್ದವು. ಬಯಲಿನ ಸುತ್ತ ಒಂದು ಸುತ್ತು ಹೊಡೆದು ಬಂದ ಮಿಸ್ತ್ರಿ ಹೌಸಿಂಗಿನ ಪಟ್ಟಿಯ ಗುರುತುಗಳನ್ನು ಡೀಸೆಲ್ ಬಟ್ಟೆಯಿಂದ ಒರೆಸಿ, ಮೊಬೈಲಿನ ಬೆಳಕು ಹಿಡಿದು, ಬಹಳ ಹೊತ್ತು ನೋಡಿದ. ಬಿರುಕಿರಲಿಲ್ಲ. ಇಲ್ಲದ್ದೆಂದರೆ ಲಿಫ್ಟಿನ ತೋಳುಗಳು. ಕಂಪ್ರೆಸರ್ ಕೂಡಿಸಲು ಅವನ್ನು ಬಿಚ್ಚಿ ಎಲ್ಲೋ ಎಸೆದಿದ್ದರು.

ದೊಡ್ಡಪ್ಪ ಕೆಸರಿನ ಗಾಡಿಯ ಮಗ್ಗುಲಲ್ಲೇ ನಿಂತಿದ್ದರು. ಅದರ ತೋಳು, ಟಾಪ್ ಲಿಂಕ್, ಎಲ್ಲ ಇವೆ. ಕೀಲಿ ತಿರುಗಿಸಿದೊಡನೆ ಹತ್ತಿತು, ಹೊಗೆ ಇಲ್ಲ. ಏಜೆಂಟ ಟಿಲ್ಲರ್ ಕಟ್ಟಿ ಎತ್ತಿ ತೋರಿಸಿದ. ಎಂಜಿನ್ ಬಂದ್ ಮಾಡಿದ ಮೇಲೂ ಟಿಲ್ಲರ್ ಕೆಳಗಿಳಿಯದೆ ನಿಂತಿತು.

"ನೋಡ್ರಿ, ಇದು ರೈತನ ಗಾಡಿ" ಎಂದ ಏಜೆಂಟ.

ಮಿಸ್ತ್ರಿ ಉತ್ತರ ಕೊಡಲಿಲ್ಲ. ಪಾನಾ ಹಿಡಿದು ಗಾಡಿಯ ಕೆಳಗೆ ತೂರಿ ಹಿಂದಿನ ಹೌಸಿಂಗಿನ ಡ್ರೇನ್ ಬೋಲ್ಟ್ ಸಡಿಲಿಸಿದ. ಏಜೆಂಟ ಬೇಡಬೇಡವೆನ್ನುವಷ್ಟರಲ್ಲಿ ಕೆಳಗೆ ಹಿಡಿದ ಡಬ್ಬಿಗೆ ಇಳಿದದ್ದು ಮೊದಲು ನೀರು, ಆಮೇಲೆ ಹಾಲು ಬೆರೆಸಿದ ಚಹಾದ ಬಣ್ಣದ ಎಣ್ಣೆ. ನೀರು ಎಣ್ಣೆಗಿಂತ ಭಾರ. ಗಾಡಿ ನಿಂತಷ್ಟು ದಿನ ತಳಕ್ಕಿಳಿದು ಕೂತಿರುತ್ತದೆ, ಮೇಲಿನಿಂದ ಕಡ್ಡಿ ಅದ್ದಿ ನೋಡಿದವರಿಗೆ ಸಿಗುವುದಿಲ್ಲ. ಭತ್ತದ ಗದ್ದೆಯಲ್ಲಿ ಕಬ್ಬಿಣದ ಗಾಲಿ ಹಾಕಿಕೊಂಡು ಆಕ್ಸಲ್ ಮುಳುಗುವವರೆಗೆ ಕೆಸರಲ್ಲಿ ತಿರುಗಿದ ಗಾಡಿ ಅದು. ಆಯಿಲ್ ಸೀಲಿನ ತುಟಿ ಒಮ್ಮೆ ಸವೆಯಿತೋ, ಕೆಸರು ನೀರು ಒಳಗೆ. ಬೇರಿಂಗು, ಕ್ರೌನು, ಪಿನಿಯನ್ನು, ಎಲ್ಲ ಆ ನೀರಲ್ಲೇ ತಿರುಗಬೇಕು.

ಮ್ಯಾಸಿಯಲ್ಲಿ ಕೆಡುಕು ಅಲ್ಲಿಗೇ ನಿಲ್ಲುವುದಿಲ್ಲ. ಲಿಫ್ಟಿನ ಪಂಪು ಕೂತಿರುವುದೂ ಅದೇ ಹೌಸಿಂಗಿನೊಳಗೆ, ಕುಡಿಯುವುದೂ ಅದೇ ಎಣ್ಣೆ. ಹ್ಯಾರಿ ಫರ್ಗ್ಯೂಸನ್ ಎಂಬ ಐರ್ಲೆಂಡಿನ ಮನುಷ್ಯ ಕಂಡುಹಿಡಿದ ಏರ್ಪಾಡು ಅದು. 1939ರ ಅಮೆರಿಕದ ಫೋರ್ಡ್ 9ಎನ್ ಟ್ರ್ಯಾಕ್ಟರಿನೊಂದಿಗೆ ಹೆಸರಾಗಿ, ಇಂದು ಲೋಕದ ಬಹುತೇಕ ಹೊಲದ ಟ್ರ್ಯಾಕ್ಟರಿನ ಹಿಂದೆ ಮೂರು ತೋಳಾಗಿ ನಿಂತಿದೆ. ಕೆಳಗಿನ ಎರಡು ತೋಳು ನೇಗಿಲನ್ನು ಎಳೆಯುತ್ತವೆ, ಮೇಲಿನ ಲಿಂಕ್ ನೆಲದ ಬಿಗುವನ್ನು ತಿಳಿದುಕೊಳ್ಳುತ್ತದೆ. ಗಟ್ಟಿ ನೆಲ ಸಿಕ್ಕಿ ನೇಗಿಲು ಜಗ್ಗಿದಾಗ ಆ ಲಿಂಕಿನ ಹಿಂದಿರುವ ಸ್ಪ್ರಿಂಗ್ ಅದುಮಿಕೊಂಡು ಪಂಪಿಗೆ ಸುದ್ದಿ ಮುಟ್ಟಿಸುತ್ತದೆ, ಪಂಪು ನೇಗಿಲನ್ನು ತುಸು ಎತ್ತುತ್ತದೆ, ಗಾಡಿ ನಿಲ್ಲದೆ ಮುಂದೆ ಸಾಗುತ್ತದೆ. ಬೇಸಿಗೆಯಲ್ಲಿ ಕಾದು ಬಿರಿದ ಎರೆಯಲ್ಲಿ ಪಲ್ಟಿ ಹೊಡೆಯುವವನಿಗೆ ಇದಿಲ್ಲದೆ ಆಗದು. ಹೊಲದ ಟ್ರ್ಯಾಕ್ಟರ್ ಎನ್ನುವುದಕ್ಕೆ ನನ್ನ ಲೆಕ್ಕದಲ್ಲಿ ಇದೊಂದೇ ನಿಜವಾದ ಗುರುತು.

"ಹೊಸ ಎಣ್ಣಿ ಹಾಕಿದ್ರ ಆತಲ್ಲ?" ದೊಡ್ಡಪ್ಪನಿಗೆ ಇನ್ನೂ ಮನಸ್ಸು ಬಿಡದು.

"ಓಡಿಸಿ ನೋಡೂನ್ರಿ" ಎಂದ ಮಿಸ್ತ್ರಿ. ಬಯಲಿನ ಏರಿನಲ್ಲಿ ದೊಡ್ಡ ಗೇರಿನಲ್ಲಿ ಹತ್ತಿಸಿದ. ಎಂಜಿನ್ನಿನ ಸದ್ದಿನ ಕೆಳಗೆ ಇನ್ನೊಂದು ಸದ್ದು, ಸಣ್ಣಗೆ ಊಳಿಡುವಂಥದ್ದು, ಹಿಂದಿನಿಂದ ಬರುತ್ತಿತ್ತು. ಆಕ್ಸಿಲರೇಟರ್ ಬಿಟ್ಟರೆ ಅದರ ಧ್ವನಿ ಬದಲಾಗುತ್ತಿತ್ತು. ಕ್ರೌನ್ ಪಿನಿಯನ್ನಿನ ಅಳು ಅದು. ಇಳಿದವನೇ ದೊಡ್ಡಪ್ಪನ ಮುಖ ನೋಡಿದ. ಅವರಿಗೂ ಕೇಳಿಸಿತ್ತು. ಎಷ್ಟೋ ಜಾತ್ರೆಯಲ್ಲಿ ಎತ್ತಿನ ಹಲ್ಲು ಎಣಿಸಿ, ನಡಿಗೆ ನೋಡಿ ಕೊಂಡವರು. ಊನ ಕಂಡ ಮೇಲೆ ವಾದಿಸುವವರಲ್ಲ. ಪಟಗ ಬಿಚ್ಚಿ ಮುಖ ಒರೆಸಿಕೊಂಡು ಕಲ್ಲಿನ ಗಾಡಿಯ ಕಡೆ ನಡೆದರು.

"ಇದಕ್ಕ ತೋಳು ಹಾಕಿ, ಪಲ್ಟಿ ಎತ್ತಿ ತೋರ್ಸು. ಆಮ್ಯಾಲ ಮಾತು."

ಏಜೆಂಟನ ಹುಡುಗ ಶೆಡ್ಡಿನ ಹಿಂದಿನ ಗುಜರಿ ಗಾಡಿಯಿಂದ ಎರಡು ತೋಳು, ಒಂದು ಟಾಪ್ ಲಿಂಕ್ ಬಿಚ್ಚಿ ತಂದ. ಪಿನ್ನು ಬಡಿದು ಕೂಡಿಸುವುದಕ್ಕೆ ಮಧ್ಯಾಹ್ನವಾಯಿತು. ಡ್ರೇನ್ ಬೋಲ್ಟ್ ಇಲ್ಲಿಯೂ ಸಡಿಲಿಸಿದರು; ಬಂದದ್ದು ಎಣ್ಣೆಯೇ, ಹಳೆಯದು, ಕಪ್ಪಗಿನದು, ಆದರೆ ನೀರಿಲ್ಲದ್ದು. ಪಲ್ಟಿ ನೇಗಿಲು ಕಟ್ಟಿ ಸನ್ನೆ ಎತ್ತಿದರು. ಮೊದಲು ತಡವರಿಸಿತು, ಎರಡನೆಯ ಸಲ ನಡುಗುತ್ತ ಎದ್ದಿತು, ಮೂರನೆಯ ಸಲ ಸಲೀಸಾಗಿ ಎತ್ತಿತು. ಎಂಜಿನ್ ಬಂದ್ ಮಾಡಿ ಮಿಸ್ತ್ರಿ ನೇಗಿಲಿನ ಕುಳದ ಮಟ್ಟಕ್ಕೆ ಸರಿಯಾಗಿ ಒಂದು ಕೋಲು ನೆಲಕ್ಕೆ ಚುಚ್ಚಿ ಗೆರೆ ಹಾಕಿದ. ಎಲ್ಲರೂ ಚಹಾ ಕುಡಿದು ಬರುವಷ್ಟರಲ್ಲಿ ಕುಳ ನಾಲ್ಕು ಬೆರಳು ಇಳಿದಿತ್ತು.

"ಒಳಗ ರಬ್ಬರ್ ರಿಂಗು ಒಣಗ್ಯಾವು. ವರ್ಷಗಟ್ಲೆ ಎತ್ತಿಲ್ಲ ನೋಡ್ರಿ, ಅದಕ್ಕ. ಮ್ಯಾಲಿನ ಕವರ್ ಬಿಚ್ಚಿದ್ರ ಒಂದ ದಿನದ ಕೆಲಸ."

ಒಂದು ದಿನದ ಕೆಲಸ, ಒಂದು ಎಂಜಿನ್ ಸೆಟ್ಟು, ತೋಳುಗಳ ಬೆಲೆ, ಬಿರಿದ ಟೈರು. ಎಲ್ಲ ಕೂಡಿಸಿ ತಮ್ಮನ ಮಗ ಮೊಬೈಲಿನಲ್ಲಿ ಲೆಕ್ಕ ಹಾಕಿ ಏಜೆಂಟನ ಎದುರಿಗೆ ಹಿಡಿದ. ಬೆಲೆಯ ಹಗ್ಗಜಗ್ಗಾಟ ಒಂದು ತಾಸು ನಡೆದು ಒಂದೂ ಅರವತ್ತಕ್ಕೆ ನಿಂತಿತು.

ಉಳಿದದ್ದು ಕಾಗದ. ಆರ್‌ಸಿಯಲ್ಲಿ ಕೃಷಿ ಟ್ರ್ಯಾಕ್ಟರ್ ಎಂದೇ ಇದೆ. ಅದೇ ಕಾಗದದ ಮೇಲೆ ಗಣಿಯಲ್ಲಿ ಬಾಡಿಗೆಗೆ ದುಡಿಸಿದ್ದು ಹಿಂದಿನವರ ಪಾಪ, ಆಗ ಅಪಘಾತವಾಗಿದ್ದರೆ ವಿಮೆಯ ಹಣಕ್ಕೆ ಕೋರ್ಟು ಹತ್ತಬೇಕಾಗುತ್ತಿತ್ತು. ಇನ್ನು ಮುಂದೆ ಅದು ಹೊಲದಲ್ಲಿರುವುದರಿಂದ ಆ ಭಯ ಇಲ್ಲ. ಆದರೆ ಆರ್‌ಸಿಯ ಕೊನೆಯ ಸಾಲಿನಲ್ಲಿ ಒಂದು ಬ್ಯಾಂಕಿನ ಹೆಸರಿತ್ತು. ಸಾಲ ಎಂದೋ ತೀರಿದೆ ಎಂದ ಏಜೆಂಟ. ಮಿಸ್ತ್ರಿಗೆ ಈ ವಿಷಯ ಬಾರದು. ತಮ್ಮನ ಮಗನಿಗೆ ಬರುತ್ತಿತ್ತು. ಫಾರ್ಮ್ 29, ಫಾರ್ಮ್ 30ಕ್ಕೆ ಹಳೆ ಮಾಲೀಕನ ಸಹಿ ಬೇಕು. ಅದಕ್ಕೂ ಮೊದಲು ಸಾಲ ತೀರಿದ್ದಕ್ಕೆ ಬ್ಯಾಂಕಿನವರು ಸಹಿ ಹಾಕಿದ ಫಾರ್ಮ್ 35 ಬರಬೇಕು. ದೊಡ್ಡಪ್ಪ ಒಳಂಗಿಯ ಜೇಬಿನಿಂದ ತೆಗೆದ ನೋಟಿನ ಕಟ್ಟಿನಿಂದ ಹತ್ತು ಸಾವಿರ ಎಣಿಸಿ ಕೊಟ್ಟು, ಉಳಿದದ್ದನ್ನು ಜೇಬಿಗೇ ಸೇರಿಸಿದರು.

"ಬ್ಯಾಂಕಿನ ಕಾಗದ ತರ್ಸು. ಬಂದ ದಿನ ಫೋನ್ ಮಾಡು, ಪೂರಾ ರೊಕ್ಕ ತರ್ತೀನಿ. ಅಲ್ಲೀಮಟ ಆ ತೋಳು ಬಿಚ್ಚಬ್ಯಾಡ."