ಡಬ್ಬಿಯ ಬದಲು ಅವ್ವನನ್ನೇ ಕರೆಸಿಕೊಂಡಳು

"ಇದನ್ನ ಹಿಡ್ಕೊಂಡು ನಾ ಬಸ್ ಹತ್ತಂಗಿಲ್ಲ, ಮಾನ ಹೋಗ್ತದ" ಅಂದಿದ್ದಳು ಅವ್ವ. ಇದು ಅಂದರೆ ಮಲ ಪರೀಕ್ಷೆಯ ಡಬ್ಬಿ.

ಅವ್ವ ಇರೋದು ಜೇವರ್ಗಿ ತಾಲ್ಲೂಕಿನ ನಮ್ಮೂರಲ್ಲಿ, ನಾನು ಬೆಂಗಳೂರಿನಲ್ಲಿ. ಎರಡು ವರ್ಷದಿಂದ ಅವಳ ಹಿಮೋಗ್ಲೋಬಿನ್ 8ರ ಆಸುಪಾಸು. ಕಬ್ಬಿಣಾಂಶದ ಗುಳಿಗೆ ನುಂಗಿದಾಗ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಬೀಟ್‌ರೂಟ್ ತಿನ್ನು, ಖಜೂರ ತಿನ್ನು ಅಂತ ನಾನು ಫೋನಲ್ಲೇ ಉಪದೇಶ ಮಾಡುತ್ತಿದ್ದೆ. ತೊಗರಿ ಹೊಲದಲ್ಲಿ ಬರಿಗಾಲಲ್ಲಿ ಕಳೆ ತೆಗೆಯುವವಳಿಗೆ ರಕ್ತ ಎಲ್ಲಿ ಸೋರುತ್ತಿದೆ ಅಂತ ಯೋಚಿಸಿದ್ದು ಕಲಬುರಗಿಯ ಡಾಕ್ಟರು. "ಮಲ ಪರೀಕ್ಷೆ ಮಾಡ್ಸೀರೇನ್ರಿ?"

ಮಾಡಿಸಿದೆವು. ಬೆಳಗ್ಗೆ 6ಕ್ಕೆ ತುಂಬಿದ ಡಬ್ಬಿ ತಮ್ಮನ ಬೈಕಿನಲ್ಲಿ ಬಿಸಿಲುಂಡು ಲ್ಯಾಬ್ ಸೇರಿದ್ದು ಮಧ್ಯಾಹ್ನ. ಅಲ್ಲಿ ನೋಡಿದ್ದು ಮರುದಿನ. ಮೊಟ್ಟೆ, ಸಿಸ್ಟ್ ಏನೂ ಕಂಡಿಲ್ಲ ಅಂತ ರಿಪೋರ್ಟ್ ಬಂತು. ನಮಗೋ ಖುಷಿ.

ಅಫಜಲಪುರದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿರುವ ಚಿಗವ್ವನ ಮಗಳು ಅದನ್ನು ವಾಟ್ಸಾಪಲ್ಲಿ ನೋಡಿ ನಕ್ಕಳು. "ಅಕ್ಕಾ, ಕಂಡಿಲ್ಲ ಅಂದ್ರ ಇಲ್ಲ ಅಂತಲ್ಲ."

ಅವಳು ಹೇಳಿದ್ದಿಷ್ಟು. ಒಂದು ಹನಿ ಸಲೈನಿನಲ್ಲಿ ಕಡ್ಡಿ ತುದಿಗೆ ಹತ್ತುವಷ್ಟೇ ಮಲ ಕಲಸಿ ಸೂಕ್ಷ್ಮದರ್ಶಕದಡಿ ಹುಡುಕುತ್ತಾರೆ. ಪಕ್ಕದಲ್ಲಿ ಅಯೋಡಿನ್ ಹನಿ. ಅದರಲ್ಲಿ ಅಮೀಬಾ, ಜಿಯಾರ್ಡಿಯಾ ಸಿಸ್ಟ್‌ಗಳು ಎದ್ದು ಕಾಣುತ್ತವೆ. ಆದರೆ ಮೊಟ್ಟೆ, ಸಿಸ್ಟ್‌ಗಳು ದಿನಾ ಒಂದೇ ಸಮ ಹೊರಬೀಳುವುದಿಲ್ಲ. ಅದಕ್ಕೇ ಒಂದು ದಿನ ಬಿಟ್ಟು ಒಂದು ದಿನ, ಮೂರು ಸಲ ಕೊಡಬೇಕು. ಭೇದಿಯಾಗುತ್ತಿದ್ದರೆ ಇನ್ನೂ ಅವಸರ: ಚಲಿಸುವ ಅಮೀಬಾ ಸಾಯುವ ಮೊದಲು, ಅರ್ಧ ಗಂಟೆಯೊಳಗೆ ನೋಡಬೇಕು. ಸೆಕೆಯಲ್ಲಿ ದಿನವಿಡೀ ಕೂತ ಡಬ್ಬಿಯಲ್ಲಿ ಕೊಕ್ಕೆ ಹುಳುವಿನ ಮೊಟ್ಟೆಯೊಡೆದು ಮರಿಯಾಗಿ, ನೋಡುವವರನ್ನೇ ದಾರಿ ತಪ್ಪಿಸಬಹುದು. ಡಬ್ಬಿ ಒಣಗಿರಬೇಕು, ಮೂತ್ರ, ನೀರು ಸೇರಬಾರದು, ತುಂಬಿದ ಹೊತ್ತು ಮೇಲೆ ಬರೆದಿರಬೇಕು. ಆ್ಯಂಟಿಬಯೋಟಿಕ್ ತಗೊಂಡಿದ್ದರೆ ಮೊದಲೇ ಹೇಳಬೇಕು. ಇದೆಲ್ಲ ನಮಗೆ ಮೊದಲ ಸಲ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಹೊಲಸಿನ ಮಾತು ನೋಡ್ರಿ, ಬೇಗ ಮುಗಿಸಬೇಕು ಅನಿಸುತ್ತದೆ.

ಕೊನೆಗೆ ಅವಳು ಡಬ್ಬಿ ಬೇಡ ಅಂತ ಅವ್ವನನ್ನೇ ಅಫಜಲಪುರಕ್ಕೆ ಕರೆಸಿಕೊಂಡಳು. ಒಂದು ವಾರ ತಂಗಿ ಮಗಳ ಮನೆಯ ಉಪಚಾರ. ಮನೆಯಿಂದ ಲ್ಯಾಬಿಗೆ ಹತ್ತು ನಿಮಿಷ. ಮೊದಲೆರಡು ಸಲ ಏನೂ ಇಲ್ಲ. ಮೂರನೇ ಸಲ ತೆಳು ಸಿಪ್ಪೆಯ ಮೊಟ್ಟೆಗಳು ಸಿಕ್ಕವು: ಕೊಕ್ಕೆ ಹುಳು.

ಈ ಹುಳುವಿನ ಮರಿ ಮಣ್ಣಿನಿಂದ ಪಾದದ ಚರ್ಮ ತೂರಿ ಒಳಸೇರುತ್ತದೆ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಒಂದೊಂದು ಹೀರುವುದು ಹನಿ ಲೆಕ್ಕದಲ್ಲಿ. ಹುಳುಗಳು ಹೆಚ್ಚಾಗಿ, ವರ್ಷಗಟ್ಟಲೆ ಉಳಿದರೆ ಬೀಟ್‌ರೂಟ್ ಏನು ಮಾಡೀತು? ಡಾಕ್ಟರು ಕೊಟ್ಟದ್ದು 400 ಮಿ.ಗ್ರಾಂ. ಆಲ್ಬೆಂಡಜೋಲ್, ಜೊತೆಗೆ ಕಬ್ಬಿಣಾಂಶದ ಗುಳಿಗೆ ಮುಂದುವರಿಕೆ.

ಆಳಂದದಲ್ಲಿರುವ ಅಕ್ಕನ ಮಕ್ಕಳಿಗೆ ಇದೇ ಆಲ್ಬೆಂಡಜೋಲ್ ಪರೀಕ್ಷೆಯಿಲ್ಲದೇ ಸಿಗುತ್ತದೆ. 2015ರಿಂದ ನಡೆದಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಅಂಗನವಾಡಿ, ಶಾಲೆಗಳಲ್ಲಿ ಕೊಡುತ್ತಾರೆ. ಅದು 1ರಿಂದ 19 ವರ್ಷದವರಿಗೆ. ಅವ್ವನಿಗೆ 54.

ಮೂರು ತಿಂಗಳ ಮೇಲೆ ಹಿಮೋಗ್ಲೋಬಿನ್ 10.6. ಹೊಲಕ್ಕೆ ಅಂತ ಚಪ್ಪಲಿ ಕೊಡಿಸಿದೀನಿ. ಬದುವಿನ ಮೇಲೆ ಬಿಟ್ಟೇ ಕಳೆ ತೆಗೆಯಲು ಇಳೀತಾಳಂತ, ತಮ್ಮ ಫೋಟೋ ಕಳಿಸಿದಾನೆ.