ಪಾಳುಬಿದ್ದ ಹುಚ್ಚಾಸ್ಪತ್ರೆಯಲ್ಲಿ ಏನಿರುತ್ತದೆ?

ಮುಚ್ಚಿಹೋದ ಹುಚ್ಚಾಸ್ಪತ್ರೆಗಳಿಗೆ ರಾತ್ರಿ ಹೊತ್ತು ನುಗ್ಗಿ, ಕತ್ತಲ ಕೊಠಡಿಗಳಲ್ಲಿ ಬ್ಯಾಟರಿ ಬಿಟ್ಟುಕೊಂಡು ಓಡಾಡಿ, ಅದನ್ನು ಚಿತ್ರೀಕರಿಸುವ ಹವ್ಯಾಸವೊಂದು ಹೊರದೇಶಗಳಲ್ಲಿದೆ. ಆ ವಿಡಿಯೋಗಳು ನಮ್ಮ ಮಕ್ಕಳ ಮೊಬೈಲಿಗೂ ಬಂದಿವೆ. ಕೈಲಾಂಚದ ಕಡೆಯಿಂದ ಚಿಕಿತ್ಸೆಗೆ ಬರುವ ಹುಡುಗರು, “ಬೆಂಗಳೂರಲ್ಲೂ ಅಂಥದ್ದೊಂದು ಇದೆಯಂತೆ, ನಿಜವಾ ಡಾಕ್ಟ್ರೇ?” ಎಂದು ಕೇಳುತ್ತಾರೆ. ತಂದೆತಾಯಿಯರ ಚಿಂತೆ ಬೇರೆ: ಹೋಗಿ ಬಂದ ಮಗನಿಗೆ ಗಾಳಿ ಸೋಕಿದರೆ ಏನು ಗತಿ?

ಮೊದಲು ಹುಡುಗರ ಪ್ರಶ್ನೆ. ಬೆಂಗಳೂರಿನ ಹುಚ್ಚಾಸ್ಪತ್ರೆ 19ನೇ ಶತಮಾನದ್ದು. 1925ರಲ್ಲಿ ಮೈಸೂರು ಸರ್ಕಾರ ಅದಕ್ಕೆ ಮಾನಸಿಕ ಆಸ್ಪತ್ರೆ ಎಂದು ಹೆಸರಿಟ್ಟಿತು. 1930ರ ದಶಕದಲ್ಲಿ ಅದು ಪೇಟೆಯ ಗಜಿಬಿಜಿ ಬಿಟ್ಟು ಹೊಸೂರು ರಸ್ತೆಯ ವಿಶಾಲವಾದ ಜಾಗಕ್ಕೆ ಹೋಯಿತು. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು; 1974ರ ಡಿಸೆಂಬರಿನಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಅದೇನೂ ಪಾಳುಬಿದ್ದಿಲ್ಲ. ಬೆಳಿಗ್ಗೆ ಹೋಗಿ ನೋಡಿ, ಹೊರರೋಗಿ ವಿಭಾಗದ ಮುಂದೆ ಎಷ್ಟು ಜನ ಸೇರಿರುತ್ತಾರೆಂದು! ಧಾರವಾಡದ ಹಳೆಯ ಆಸ್ಪತ್ರೆಯೂ ಇಂದಿಗೂ ನಡೆಯುತ್ತಿದೆ.

ಹಾಗಾದರೆ ಹೊರದೇಶದವು ಪಾಳುಬಿದ್ದದ್ದು ಏಕೆ? ದೆವ್ವಗಳು ಓಡಿಸಿದ್ದರಿಂದಲ್ಲ. ತೀವ್ರ ಮನೋರೋಗಕ್ಕೆ ಒಂದು ಕಾಲದಲ್ಲಿ ಸರಿಯಾದ ಔಷಧಿಯೇ ಇರಲಿಲ್ಲ, ಗೋಡೆ ಕಟ್ಟಿ ಒಳಗಿಡುವುದೊಂದೇ ದಾರಿಯಾಗಿತ್ತು. 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೊಮಝೀನ್ ಕೊಟ್ಟು ನೋಡಿದರು. ಕೂಗಾಡುತ್ತಿದ್ದವರು ಶಾಂತರಾದರು, ಎಷ್ಟೋ ಜನ ಮನೆಗೆ ಮರಳುವಂತಾಯಿತು. ಇಟಲಿಯಲ್ಲಿ 1978ರ ಕಾನೂನು ಹುಚ್ಚಾಸ್ಪತ್ರೆಗಳಿಗೆ ಹೊಸ ರೋಗಿಗಳನ್ನು ಸೇರಿಸುವುದನ್ನೇ ನಿಲ್ಲಿಸಿತು. ಅಮೆರಿಕದ ಡ್ಯಾನ್‌ವರ್ಸ್ ಆಸ್ಪತ್ರೆ 1878ರಲ್ಲಿ ತೆರೆದು 1992ರಲ್ಲಿ ಮುಚ್ಚಿತು. ಆದರೆ ಅಮೆರಿಕದಲ್ಲಿ ಹೊರಬಂದವರಲ್ಲಿ ಅನೇಕರು ನೋಡಿಕೊಳ್ಳುವವರಿಲ್ಲದೆ ಬೀದಿಪಾಲಾದರು ಎಂಬುದನ್ನೂ ಹೇಳಬೇಕು. ಆ ಖಾಲಿ ಮಂಚಗಳನ್ನು ಕಂಡಾಗ ನನಗೆ ನೆನಪಾಗುವುದು ಅವರೇ.

ನಮ್ಮ ಹುಡುಗರಿಗೆ ಹುಚ್ಚಾಸ್ಪತ್ರೆ ಸಿಗದಿದ್ದರೂ ಪಾಳು ಕಟ್ಟಡಗಳಿಗೇನು ಕೊರತೆ? ಬಿಟ್ಟುಹೋದ ಹುಳುಮನೆ, ಮುಚ್ಚಿದ ಕಾರ್ಖಾನೆ, ಬಿದ್ದ ಛತ್ರ. ಅಲ್ಲಿ ಭಯಪಡಬೇಕಾದದ್ದು ಬಾವಲಿಗಳ ಹಿಕ್ಕೆಗೆ. ಒಣಗಿದ ಹಿಕ್ಕೆಯ ಧೂಳಿನಲ್ಲಿ ಹಿಸ್ಟೋಪ್ಲಾಸ್ಮಾ ಎಂಬ ಶಿಲೀಂಧ್ರ ಇರಬಹುದು. ಕಾಲಿನಿಂದ ಕೆದಕಿದ ಧೂಳು ಉಸಿರಿನೊಡನೆ ಶ್ವಾಸಕೋಶ ಸೇರಿದರೆ, 3ರಿಂದ 17 ದಿನಗಳಲ್ಲಿ ಜ್ವರ, ಕೆಮ್ಮು, ಎದೆನೋವು, ಸುಸ್ತು ಕಾಣಿಸಿಕೊಳ್ಳಬಹುದು. ಹೆಚ್ಚಿನವರಿಗೆ ತಾನಾಗಿಯೇ ವಾಸಿಯಾಗುತ್ತದೆ. ಆದರೆ ಕೆಲವರ ಎಕ್ಸ್‌ರೇ ಕ್ಷಯದಂತೆಯೇ ಕಾಣುತ್ತದೆ. ಆದ್ದರಿಂದ ಹಳೆಯ ಕಟ್ಟಡಕ್ಕೆ ಹೋಗಿದ್ದನ್ನು ವೈದ್ಯರಿಂದ ಮುಚ್ಚಿಡಬೇಡಿ. ಬೈಸಿಕೊಂಡರೂ ಪರವಾಗಿಲ್ಲ.

ತುಕ್ಕು ಹಿಡಿದ ಮೊಳೆ ಚುಚ್ಚಿದರೆ ಗಾಯವನ್ನು ಸೋಪು ನೀರಿನಲ್ಲಿ ತೊಳೆದು, ಕೊನೆಯ ಧನುರ್ವಾಯು ಚುಚ್ಚುಮದ್ದಾಗಿ ಐದು ವರ್ಷ ಮೀರಿದ್ದರೆ ಮತ್ತೆ ಹಾಕಿಸಿಕೊಳ್ಳಿ. ಬಾವಲಿ ಅಥವಾ ನಾಯಿ ಕಚ್ಚಿದರೆ 15 ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆದು, ಅಂದೇ ರೇಬಿಸ್ ಲಸಿಕೆ ಆರಂಭಿಸಬೇಕು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಬೇಡ. ಕಚ್ಚಿದ ಕೈಕಾಲು ಅಲುಗಾಡದಂತೆ ಇರಿಸಿ ನೇರವಾಗಿ ಆಸ್ಪತ್ರೆಗೆ ತನ್ನಿ.

ಇನ್ನು ಗಾಳಿ ಸೋಕುವ ವಿಚಾರ. ಕತ್ತಲಲ್ಲಿ ಎದೆ ಡವಗುಟ್ಟುವುದು, ಮೈ ಬೆವರುವುದು, ಯಾರೋ ಹಿಂದೆ ನಿಂತಂತೆ ಅನಿಸುವುದು ಅಡ್ರಿನಲಿನ್ ರಸದ ಕೆಲಸ. ಒಂದೆರಡು ರಾತ್ರಿ ನಿದ್ದೆ ಕೆಡಬಹುದು, ಅಷ್ಟೆ. ಆದರೆ ಹುಡುಗ ವಾರಗಟ್ಟಲೆ ಮಲಗದೆ, ಯಾರದೋ ಮಾತು ಕಿವಿಗೆ ಬೀಳುತ್ತಿದೆ ಎನ್ನುತ್ತಾ, ಊಟ ಸ್ನಾನ ಬಿಟ್ಟು ಮೂಲೆ ಸೇರಿದರೆ ಅದು ಕಟ್ಟಡದಿಂದ ಅಂಟಿಕೊಂಡದ್ದಲ್ಲ. ಮನೋರೋಗ ಹೆಚ್ಚಾಗಿ ಹದಿಹರೆಯದಲ್ಲಿ, ಅದು ದಾಟುವ ವಯಸ್ಸಿನಲ್ಲಿ ಶುರುವಾಗುತ್ತದೆ. ಪಾಳು ಕಟ್ಟಡಗಳಿಗೆ ಹೋಗುವವರದೂ ಅದೇ ವಯಸ್ಸು! ತಾಯಿತ ಕಟ್ಟಿಸಿಯೇ ತೀರುತ್ತೇವೆ ಎಂದರೆ ನನ್ನ ಜಗಳವಿಲ್ಲ. ಅದಕ್ಕಾಗಿ ಆರು ತಿಂಗಳು ಕಾಯುವುದಕ್ಕೆ ಮಾತ್ರ ಜಗಳವಿದೆ, ಏಕೆಂದರೆ ಚಿಕಿತ್ಸೆ ತಡವಾದಷ್ಟೂ ಗುಣ ನಿಧಾನ.

ಕೂಡಿಹಾಕುವುದು, ಸರಪಳಿ ಬಿಗಿಯುವುದಂತೂ ಕೂಡದು. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಹೊತ್ತಿದ ಬೆಂಕಿಯಲ್ಲಿ, ಸರಪಳಿಯಲ್ಲಿದ್ದ ಮನೋರೋಗಿಗಳು ಓಡಲಾಗದೆ ಸತ್ತರು. ಸತ್ತವರು 28 ಮಂದಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಯಾವ ರೂಪದಲ್ಲೂ ಸರಪಳಿ ಹಾಕುವಂತಿಲ್ಲ ಎನ್ನುತ್ತದೆ.

“ನಿಮ್ಹಾನ್ಸಿಗೆ ಹೋದರೆ ಹೆಣ್ಣು ಕೊಡುವವರು ಯಾರು?” ಎಂದು ಹಿಂಜರಿಯುವವರು ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು, ಅಥವಾ 14416ಕ್ಕೆ ಫೋನು ಮಾಡಬಹುದು. ಇದು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಆಸ್ಪತ್ರೆಗೆ ಹೋಗುವಾಗ ಹಳೆಯ ಔಷಧಿ ಚೀಟಿಗಳನ್ನು ಒಯ್ಯಿರಿ. ಹುಡುಗನ ಜೊತೆ, ಅವನ ದಿನಚರಿ ಚೆನ್ನಾಗಿ ಬಲ್ಲ ಒಬ್ಬರು ಇರಲಿ.