ಬಚ್ಚಲಿಗೆ ಎಂಥ ಮ್ಯಾಟ್?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ – ನಮ್ಮ ಕಡೆಯ ಹಳೆಯ ಮನೆಗಳ ಬಚ್ಚಲಲ್ಲಿ ಕಲ್ಲು ಚಪ್ಪಡಿ ಹಾಸಿರುತ್ತಿದ್ದರು. ಉಳಿಯೇಟಿನ ಒರಟು ಪಾದಕ್ಕೆ ಹಿಡಿತ ಕೊಡುತ್ತಿತ್ತು. ಪಾಚಿ ಕಟ್ಟದಂತೆ ಉಜ್ಜಿಕೊಂಡರೆ ಸಾಕಿತ್ತು. ಈಗ ಎಲ್ಲೆಲ್ಲೂ ನುಣುಪು ಟೈಲ್ಸ್. ನೋಡಲು ಚೆಂದ, ಸೋಪಿನ ನೀರು ಬಿದ್ದರೆ ಜಾರುಬಂಡೆ. ಹಬ್ಬದ ಎಣ್ಣೆಸ್ನಾನದ ದಿನವಂತೂ ಕೇಳಲೇಬೇಡಿ.

ಹೋದ ವರ್ಷ ನಮ್ಮ ಮನೆಯಾಕೆ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಳು. ಮೂಳೆ ಕೂಡಿತು, ಹೆದರಿಕೆ ಹೋಗಲಿಲ್ಲ. ಯಾರಾದರೂ ಜೊತೆಗಿಲ್ಲದೆ ಸ್ನಾನಕ್ಕೇ ಹೋಗಳು.

"ತಾತ, ಮೆತ್ತಗಿರೋ ಮ್ಯಾಟ್ ತರೋಣ. ಬಿದ್ರೂ ಅಜ್ಜಿಗೆ ನೋವಾಗಲ್ಲ" ಅಂದಳು ಮೊಮ್ಮಗಳು. ಇಬ್ಬರೂ ಚಿಂತಾಮಣಿ ಪೇಟೆಗೆ ಹೋದೆವು.

ಅವಳು ಮೊದಲು ತೋರಿಸಿದ್ದು ಮಕ್ಕಳು ಆಡುವ ಬಣ್ಣದ ಫೋಮ್ ಮ್ಯಾಟ್. ಬೇಡವೆಂದೆ. ಮೆತ್ತಗಿದ್ದಷ್ಟೂ ಒಳ್ಳೆಯದು ಎನ್ನುವುದು ಹಾಸಿಗೆಯ ಮಾತು. ಫೋಮಿನಲ್ಲಿ ಪಾದ ಕುಸಿಯುತ್ತದೆ, ಮೊದಲೇ ತೂರಾಡುವ ವಯಸ್ಸಾದವರಿಗೆ ನಿಲ್ಲುವುದು ಇನ್ನೂ ಕಷ್ಟ. ಅಡಿಗೆ ನೀರು ಸೇರಿದರೆ ಮ್ಯಾಟೇ ಸರಿದುಹೋಗುತ್ತದೆ. ಅಜ್ಜಿ ಬಿದ್ದಮೇಲೆ ನೋವಾಗದಿರುವುದಕ್ಕಿಂತ ಬೀಳದಿರುವುದು ಮುಖ್ಯವಲ್ಲವೇ?

ಇನ್ನೊಂದು, ಅಡಿಯಲ್ಲಿ ಪುಟ್ಟ ಪುಟ್ಟ ಬಟ್ಟಲುಗಳಿರುವ ರಬ್ಬರ್ ಮ್ಯಾಟ್. ತುಳಿದಾಗ ಬಟ್ಟಲೊಳಗಿನ ಗಾಳಿ ಹೊರಬೀಳುತ್ತದೆ, ಹೊರಗಿನ ಗಾಳಿ ಅದನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ನುಣುಪು ಟೈಲ್ಸಿಗೆ ಇದು ಸರಿ. ಕಲ್ಲಿನ ಮೇಲೋ ಒರಟು ಟೈಲ್ಸಿನ ಮೇಲೋ ಸಂದಿಯಲ್ಲಿ ಗಾಳಿ ನುಗ್ಗಿ ಹಿಡಿತ ತಪ್ಪುತ್ತದೆ. ಟೈಲ್ಸಿನ ಗೆರೆಗಳ ಮೇಲೂ ಅಷ್ಟೆ.

ನಾವು ಆರಿಸಿದ್ದು ತೂತುಗಳಿರುವ, ಒಂದಕ್ಕೊಂದು ಸಿಕ್ಕಿಸುವ ಪಿವಿಸಿ ಬಿಲ್ಲೆಗಳನ್ನು. ಗೋಡೆಯಿಂದ ಗೋಡೆಗೆ ಹಾಸಿದರೆ ಸರಿಯಲು ಜಾಗವಿಲ್ಲ, ಎಡವಲು ಅಂಚೂ ಇಲ್ಲ. ಅಂಗಡಿಯಲ್ಲೇ ಒಂದು ಬಿಲ್ಲೆಯ ಮೇಲೆ ಚೊಂಬು ನೀರು ಸುರಿಸಿದೆವು. ಮೊಮ್ಮಗಳು ಚಪ್ಪಲಿ ಬಿಟ್ಟು ನಿಂತು ನೋಡಿದಳು. ನೀರು ಕೆಳಗಿಳಿಯಿತು, ಕಾಲು ಜಾರಲಿಲ್ಲ. ಬಾಗಿಲು ಒಳಕ್ಕೆ ತೆರೆಯುವುದಾದರೆ ಕೆಳಗಿನ ಸಂದನ್ನು ಮೊದಲೇ ಅಳೆದುಕೊಳ್ಳಿ. ಅವಳು ಸ್ಕೂಲಿನ ಸ್ಕೇಲಿನಲ್ಲಿ ಅಳೆದಿದ್ದಳು: 2 ಸೆಂಟಿಮೀಟರ್.

ಗೋಡೆಗೆ ಸ್ಟೀಲ್ ಹಿಡಿಕೆಯನ್ನೂ ಹಾಕಿಸಿದೆವು. ಟವೆಲ್ ರಾಡ್ ಮನುಷ್ಯರ ಭಾರ ತಡೆಯದು. ಈಗ ಅಜ್ಜಿ ಒಬ್ಬಳೇ ಸ್ನಾನಕ್ಕೆ ಹೋಗುತ್ತಾಳೆ, ಚಿಲಕ ಮಾತ್ರ ಹಾಕಿಕೊಳ್ಳುವುದಿಲ್ಲ.

ನಮ್ಮ ಬೋರ್‌ವೆಲ್ ನೀರು ಗಡಸು. ಒಣಗಿದಲ್ಲೆಲ್ಲ ಬಿಳಿ ಪೊರೆ, ಅದಕ್ಕೆ ಸೋಪು ಸೇರಿದರೆ ಬಿಲ್ಲೆಯೂ ಜಾರುತ್ತದೆ. ಭಾನುವಾರ ಎಲ್ಲವನ್ನೂ ಎತ್ತಿ, ಹುಣಸೆಹುಳಿ ಹಚ್ಚಿ ತಿಕ್ಕಿ, ನೆರಳಲ್ಲಿ ಒಣಗಿಸುತ್ತೇವೆ. ತಿಕ್ಕುವುದು ನಾನು, ಮತ್ತೆ ಜೋಡಿಸುವುದು ಮೊಮ್ಮಗಳು.